ಅಕ್ಕಾ, ಒಂದು ಪ್ರಶ್ನೆ: ಕೃಪೆಗೂ ಲೆಕ್ಕ ಇದೆಯಾ?

ಈ ತಿಂಗಳು ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಊರು ಬೇರೆ, ವಯಸ್ಸು ಬೇರೆ, ಕಷ್ಟ ಬೇರೆ. ಆದರೆ ಹೆಚ್ಚು ಕಡಿಮೆ ಎಲ್ಲರೂ ಕೇಳಿರೋದು ಒಂದೇ. ದೇವರ ಕೃಪೆಯನ್ನು ನಂಬಿ ಬದುಕಿ ಅಂತ ಭಾನುವಾರ ಕೇಳಿಸಿಕೊಂಡು ಬರುತ್ತೇವಲ್ಲ, ಸೋಮವಾರ ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು ಬಾಕಿ ಕೇಳಿದಾಗ ನಂಬೋದು ಹೇಗೆ?

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಚರ್ಚಿನ ಅಯ್ಯನವರಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. 31 ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಅರ್ಧ ರಾತ್ರಿ ಪಾಳಿಯಲ್ಲೇ ಕಳೆಯಿತು. ಬೈಬಲನ್ನು ನಾನು ಜಾಸ್ತಿ ಓದಿದ್ದು ವಾರ್ಡಿನ ಮೂಲೆಯ ಮೇಜಿನ ಹತ್ತಿರ, ಮಂದ ದೀಪದಲ್ಲಿ. ಹಾಗಾಗಿ ನನ್ನ ಉತ್ತರವೂ ಅಲ್ಲಿಂದಲೇ ಬರುತ್ತದೆ.

ಅಕ್ಕಾ, ನಮ್ಮ ಯಜಮಾನರ ಕೆಲಸ ಹೋಗಿ ಐದು ತಿಂಗಳಾಯಿತು. ನಾನು ಬಟ್ಟೆ ಹೊಲಿಯುತ್ತೇನೆ. ಎರಡು ಸಂಘದ ಸಾಲ ಇದೆ, ವಾರ ವಾರ ಕಂತು ಕಟ್ಟಬೇಕು. ಸಭೆಯಲ್ಲಿ ನಿಂತು ‘ಕರ್ತನು ನೋಡಿಕೊಳ್ಳುತ್ತಾನೆ’ ಅಂತ ಸಾಕ್ಷಿ ಹೇಳುತ್ತೇನೆ, ರಾತ್ರಿ ಎರಡು ಗಂಟೆಗೆ ಬೆವರಿ ಎಚ್ಚರ ಆಗುತ್ತದೆ. ನನಗೆ ನಂಬಿಕೆ ಇಲ್ಲ ಅಂತ ಅಲ್ವಾ ಇದರ ಅರ್ಥ? ಎರಡು ತಿಂಗಳಿಂದ ದಶಮಾಂಶವನ್ನೂ, ಅಂದರೆ ದುಡಿಮೆಯಲ್ಲಿ ಸಭೆಗೆ ಕೊಡುವ ಹತ್ತನೇ ಒಂದು ಪಾಲನ್ನೂ, ಕೊಟ್ಟಿಲ್ಲ. ಅದಕ್ಕೇ ಹೀಗಾಗುತ್ತಿದೆಯಾ?
– ಓದುಗರು, ದಾವಣಗೆರೆ

ಇಲ್ಲ ತಂಗಿ. ಎರಡಕ್ಕೂ ಇಲ್ಲ.

ಎರಡು ಗಂಟೆಗೆ ಎಚ್ಚರ ಆಗೋದು ಅಪನಂಬಿಕೆ ಅಲ್ಲ, ದಣಿದ ಮೈ. ಮಧ್ಯಾಹ್ನ ನಗುನಗುತ್ತಾ ಮಾತಾಡಿಕೊಂಡಿದ್ದ ಪೇಶೆಂಟ್ ಕೂಡ ರಾತ್ರಿ ಎರಡರಿಂದ ನಾಲ್ಕರ ಒಳಗೆ ಎದ್ದು ಕೂತು ‘ಸಿಸ್ಟರ್, ನಾನು ಉಳೀತೀನಾ’ ಅಂತ ಕೇಳೋದನ್ನು ಎಷ್ಟು ಸಲ ನೋಡಿದ್ದೇನೋ. ನೋವು ಮಧ್ಯಾಹ್ನ ಇದ್ದಷ್ಟೇ ಇರುತ್ತಿತ್ತು, ಕತ್ತಲಲ್ಲಿ ದೊಡ್ಡದಾಗುತ್ತಿತ್ತು. ನಾನು ವಾದ ಮಾಡುತ್ತಿರಲಿಲ್ಲ. ಸ್ಟೀಲ್ ಲೋಟದಲ್ಲಿ ಬಿಸಿನೀರು ಕೊಟ್ಟು, ಹೊದಿಕೆ ಸರಿಮಾಡಿ, ‘ಈಗ ಎರಡೂವರೆ, ಆರು ಗಂಟೆಗೆ ಟೀ ಬರುತ್ತೆ’ ಅನ್ನುತ್ತಿದ್ದೆ. ಆರು ಗಂಟೆಗೆ ಏನೋ ಒಂದು ಬರುತ್ತದೆ ಅಂತ ಗೊತ್ತಾದರೆ ಸಾಕು, ಎಷ್ಟೋ ಜನ ಮಲಗಿಬಿಡುತ್ತಿದ್ದರು.

ವಿಮೋಚನಕಾಂಡದ 16ನೇ ಅಧ್ಯಾಯವನ್ನು ಈ ರಾತ್ರಿ ತೆಗೆದು ಓದು. ಅರಣ್ಯದಲ್ಲಿ ಇಸ್ರಾಯೇಲ್ ಜನ ಹಸಿದರು, ದೇವರು ಮನ್ನ ಅನ್ನೋ ಆಹಾರ ಕೊಟ್ಟ. ಹೇಗೆ ಕೊಟ್ಟ ಅಂತ ನೋಡು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಓಮೆರ್, ನಮ್ಮ ಲೆಕ್ಕದಲ್ಲಿ ಸುಮಾರು 2 ಲೀಟರ್ ಅಳತೆ. ನಾಳೆಗೂ ಇರಲಿ ಅಂತ ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಿಗ್ಗೆ ಹುಳ, ಕೆಟ್ಟ ನಾತ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಹೀಗೆ 40 ವರ್ಷ. ದೇವರಿಗೆ ಒಂದೇ ಸಲ ಒಂದು ವರ್ಷದ ದವಸ ಕೊಡೋಕೆ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಹೊರಗೆ ಬಂದು ನೋಡೋದನ್ನೇ ಆ ಜನರಿಗೆ ಕಲಿಸಿದ. ಯೇಸು ನಮಗೆ ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರವನ್ನು ಈ ಹೊತ್ತು ಕೊಡು ಅಂತಲೇ ಇದೆ. ಮುಂದಿನ ಜೂನಿನ ಸ್ಕೂಲ್ ಫೀಸು ಅದರಲ್ಲಿ ಇಲ್ಲ. ರಾತ್ರಿ ಎರಡು ಗಂಟೆಗೆ ನೀನು ಮಾಡುತ್ತಿರೋದು ಏನು ಗೊತ್ತಾ? ಜೂನಿನ ಮನ್ನವನ್ನು ಈಗಲೇ ಕೂಡಿಸೋಕೆ ಹೊರಟಿದ್ದೀಯ. ಅದು ಈಗ ನೆಲದ ಮೇಲೆ ಬಿದ್ದಿಲ್ಲ, ಅದಕ್ಕೇ ಕೈಗೆ ಸಿಗುತ್ತಿಲ್ಲ.

ಹಾಗಂತ ಸುಮ್ನೆ ಕೂರಬೇಡ. ಮನ್ನ ಬಾಯಿಗೆ ಬಂದು ಬೀಳಲಿಲ್ಲ, ಬಿಸಿಲೇರುವ ಮೊದಲು ಬಗ್ಗಿ ಆರಿಸಿಕೊಳ್ಳಬೇಕಿತ್ತು. ಒಂದು ಹಾಳೆ ತಗೋ. ಈ ವಾರ ಕೊಡಬೇಕಾದದ್ದು ಮಾತ್ರ ಬರಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಿ. ಕಂತು ಕಟ್ಟೋಕೆ ಅಂತ ಮೂರನೇ ಸಾಲ ಮಾಡಬೇಡ, ಎಂಥವರು ಬಂದು ಹೇಳಿದರೂ ಬೇಡ. ಸಂಘದವರ ಹತ್ತಿರ ನೀನೇ ಮುಂಚೆ ಹೋಗಿ ಕಂತು ಸ್ವಲ್ಪ ಮುಂದಕ್ಕೆ ಹಾಕಿಕೊಡಿ ಅಂತ ಕೇಳು. ಕಿರುಸಾಲದವರು ಮನೆ ಮುಂದೆ ಬಂದು ಬೈದು, ಹೆದರಿಸಿ ವಸೂಲಿ ಮಾಡೋದನ್ನು ತಡೆಯೋಕೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅಂಥದ್ದೇನಾದರೂ ಆದರೆ ನೇರ ಪೊಲೀಸ್ ಠಾಣೆಗೆ ಹೋಗು, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಇನ್ನು ದಶಮಾಂಶ. ತಂಗಿ, ನಮ್ಮ ದೇವರು ಮೀಟರ್ ಬಡ್ಡಿಯವನಲ್ಲ. ಎರಡು ಕಂತು ತಪ್ಪಿತು ಅಂತ ನಿನ್ನ ಗಂಡನ ಕೆಲಸ ಕಿತ್ತುಕೊಳ್ಳುವವನಲ್ಲ. ಕೊಡೋಕೆ ಆದಾಗ ಸಂತೋಷದಿಂದ ಕೊಡು. ಈಗ ನೀನು ತಗೊಳ್ಳಬೇಕಾದ ಸಮಯ. ಮುಂದಿನ ಸಲ ಸಭೆಯಲ್ಲಿ ಸಾಕ್ಷಿ ಹೇಳುವಾಗ, ಕರ್ತನು ನೋಡಿಕೊಳ್ಳುತ್ತಾನೆ ಅಂತ ಹೇಳಿ ಕೂತುಕೊಳ್ಳಬೇಡ. ‘ನಮ್ಮ ಮನೆಯಲ್ಲಿ ಕೆಲಸ ಇಲ್ಲ, ನನಗೆ ಹೊಲಿಗೆ ಬಟ್ಟೆ ಬೇಕು, ಇವರಿಗೆ ಎಲ್ಲಾದರೂ ಕೆಲಸ ಇದ್ದರೆ ಹೇಳಿ’ ಅಂತಲೂ ಹೇಳು. ಕರ್ತನು ನೋಡಿಕೊಳ್ಳೋದು ಎಷ್ಟೋ ಸಲ ಹಿಂದಿನ ಬೆಂಚಿನಲ್ಲಿ ಕೂತವರ ಕೈಯಿಂದ. ಆದರೆ ಅವರಿಗೆ ಗೊತ್ತಾಗಬೇಕಲ್ಲ.

ಮಾರ್ಕನ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಇದ್ದಾನೆ. ಮಗನಿಗೆ ವಾಸಿಯಾಗಲಿ ಅಂತ ಯೇಸುವಿನ ಹತ್ತಿರ ಬಂದು, ನಂಬುತ್ತೇನೆ ಅಂತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಅಳುತ್ತಾನೆ. ಮೊದಲು ಸರಿಯಾಗಿ ನಂಬಿ ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗನಿಗೆ ವಾಸಿಯಾಯಿತು.

ಕೃಪೆ ಉಚಿತ ಅಂದಮೇಲೆ ಹೇಗೆ ಬದುಕಿದರೂ ನಡೆಯುತ್ತದೆ ಅಲ್ವಾ? ನಾನು ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದೆ. ಈಗಲೂ ಬೇರೆ ದಾರಿಯಲ್ಲಿ ಆಡುತ್ತೇನೆ. ಶನಿವಾರ ರಾತ್ರಿ ಅತ್ತು ಕ್ಷಮೆ ಕೇಳುತ್ತೇನೆ. ಸೋಮವಾರ ಮತ್ತೆ ಶುರು.
– 26 ವರ್ಷ, ಬೆಂಗಳೂರು

ತಮ್ಮಾ, ನಿನ್ನ ಮೊದಲ ಸಾಲು ವಾದ, ಕೊನೆಯ ಸಾಲು ನೋವು. ನಾನು ಕೊನೆಯ ಸಾಲಿಗೆ ಉತ್ತರ ಬರೆಯುತ್ತೇನೆ.

ಜೊತೆಗಾರ ತೀತನಿಗೆ ಅಪೊಸ್ತಲ ಪೌಲ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಕೃಪೆ ನಮಗೆ ಕಲಿಸುತ್ತದೆ, ಬೇಡ ಅನ್ನೋದನ್ನು ಅಭ್ಯಾಸ ಮಾಡಿಸುತ್ತದೆ ಅಂತ ಇದೆ. ನನಗೆ ಅದನ್ನು ಓದಿದಾಗಲೆಲ್ಲ ಫಿಜಿಯೋಥೆರಪಿ ರೂಮು ನೆನಪಾಗುತ್ತದೆ. ಮೂಳೆ ಕೂಡಿಸಿದ್ದು ಡಾಕ್ಟರು, ಪೇಶೆಂಟ್ ಅದಕ್ಕೆ ಏನೂ ಮಾಡಿಲ್ಲ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಕೈ ದಿನಕ್ಕೆ ಇಷ್ಟಿಷ್ಟೇ ಮೇಲೆ ಬರಬೇಕು, ನೋಯುತ್ತದೆ, ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಬೇಕು. ಒಬ್ಬನೇ ಶನಿವಾರ ರಾತ್ರಿ ಅಳೋದರಿಂದ ಕೈ ಮೇಲೆ ಬರುವುದಿಲ್ಲ. ನಂಬಿಕೆ ಇರುವ ಒಬ್ಬ ಗೆಳೆಯನಿಗೆ ಹೇಳು, ಸಂಬಳ ಬೀಳುವ ಖಾತೆಯನ್ನು ಆರು ತಿಂಗಳು ಮನೆಯವರ ಕೈಗೆ ಕೊಡು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ, ಈಗ ನೀನು ಹಿಡಿದಿರುವ ‘ಬೇರೆ ದಾರಿ’ ಇನ್ನೂ ಅಪಾಯದ್ದು. ನಿಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಮೊಬೈಲ್ ಮತ್ತು ಗೇಮ್ ಚಟಕ್ಕೆ ಅಂತಲೇ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಹೋಗು. ಅಲ್ಲಿಗೆ ಹೋಗೋದೂ ಪ್ರಾರ್ಥನೆಯೇ.

ಸಿಸ್ಟರ್, ನಮ್ಮ ತಾಯಿಗೆ 58 ವರ್ಷ. ಒಂಬತ್ತು ವರ್ಷದಿಂದ ಶುಗರ್, ಬಿಪಿ ಇದೆ, ಇನ್ಸುಲಿನ್ ತಗೊಳ್ಳುತ್ತಿದ್ದರು. ಒಂದು ಪ್ರಾರ್ಥನಾ ಕೂಟದಲ್ಲಿ ‘ಮಾತ್ರೆಯ ಮೇಲೂ ದೇವರ ಮೇಲೂ ಭರವಸೆ ಇಟ್ಟರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ’ ಅಂದರಂತೆ. ಹತ್ತು ದಿನದಿಂದ ಎಲ್ಲ ಬಿಟ್ಟಿದ್ದಾರೆ. ನಾನು ಬೈದರೆ ನಿನಗೆ ನಂಬಿಕೆ ಇಲ್ಲ ಅನ್ನುತ್ತಾರೆ.
– ಓದುಗರು, ಕೋಲಾರ

ಮಗಳೇ, ಈ ಪತ್ರ ಕೈಗೆ ಬಂದ ದಿನವೇ ನಿನಗೆ ಬೇರೆ ಉತ್ತರ ಕಳಿಸಿದ್ದೇನೆ. ಬೇರೆ ಮನೆಗಳಲ್ಲೂ ಇದು ನಡೆಯುತ್ತಿರಬಹುದು ಅಂತ ಇಲ್ಲೂ ಬರೆಯುತ್ತೇನೆ. ಮೊದಲು ಆಸ್ಪತ್ರೆ, ಆಮೇಲೆ ಬೈಬಲ್ ಅಧ್ಯಯನ. ಇವತ್ತೇ ಕರೆದುಕೊಂಡು ಹೋಗಿ ಶುಗರ್, ಬಿಪಿ ನೋಡಿಸಬೇಕು. ಬಿಟ್ಟಿದ್ದನ್ನೆಲ್ಲ ಮನೆಯಲ್ಲೇ ಹಳೇ ಅಳತೆಯಲ್ಲಿ ಶುರು ಮಾಡಬಾರದು, ಡಾಕ್ಟರು ನೋಡಿ ಹೇಳಲಿ. ವಾಂತಿ, ಜೋರು ಉಸಿರು, ಮಂಪರು ಇದ್ದರೆ, ಅಥವಾ ಮುಖ ಒಂದು ಕಡೆ ಎಳೆದರೆ, ಕೈಕಾಲಿನಲ್ಲಿ ಬಲ ಹೋದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು.

ನನ್ನ ಸ್ವಂತ ಅಣ್ಣ ಹೀಗೇ ಒಂದು ಕೂಟದಿಂದ ಬಂದವನು ಬಿಪಿ ಮಾತ್ರೆಯ ಪಟ್ಟಿಯನ್ನು ಒಲೆಗೆ ಹಾಕಿದ. ನಾನು ನರ್ಸ್ ಆಗಿದ್ದೂ ನನಗೆ ಗೊತ್ತಾಗಲಿಲ್ಲ, ಅವನು ಹೇಳಲಿಲ್ಲ. ನಾಲ್ಕನೇ ತಿಂಗಳಲ್ಲಿ ಬಚ್ಚಲಮನೆಯಲ್ಲಿ ಬಿದ್ದ. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಆರು ವರ್ಷ ಹಾಸಿಗೆಯಲ್ಲಿದ್ದ. ಮಾತು ಬಾರದ ಅಣ್ಣ ನನ್ನ ಕೈ ಹಿಡಿದು ಮಾತ್ರೆ ಡಬ್ಬಿಯ ಕಡೆ ಕಣ್ಣು ಹೊರಳಿಸಿ ಅಳುತ್ತಿದ್ದ. ಅವನಿಗೆ ನಂಬಿಕೆ ಕಡಿಮೆ ಇರಲಿಲ್ಲ. ಅವನಿಗೆ ಯಾರೋ ತಪ್ಪು ಹೇಳಿದ್ದರು. ಅಷ್ಟೇ ಆಗಿದ್ದು.

ಅಮ್ಮನಿಗೆ ಇದನ್ನು ಓದಿ ಹೇಳು. ಪೌಲನ ಕೈಯಿಂದ ಎಷ್ಟೋ ಜನರಿಗೆ ವಾಸಿಯಾಗಿದೆ, ಅಪೊಸ್ತಲರ ಕೃತ್ಯಗಳಲ್ಲಿ ಇದೆ. ಅದೇ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ತ್ರೊಫಿಮನಿಗೆ ಹುಷಾರಿರಲಿಲ್ಲ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆದಿದ್ದಾನೆ. ಜೊತೆಗಾರನೇ ಕಾಯಿಲೆಯಲ್ಲಿ ಉಳಿದ, ಪೌಲ ಅವನ ನಂಬಿಕೆಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ತಿಮೊಥೆಯನಿಗೆ ಹೊಟ್ಟೆನೋವು ಬರುತ್ತಿತ್ತು. ಬರೀ ನೀರು ಕುಡಿಯಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಬರೆದ, ಅದು ಆ ಕಾಲದ ಔಷಧ. ಪೌಲನ ಜೊತೆ ಊರೂರು ತಿರುಗಿದ ಲೂಕ ವೈದ್ಯ, ಪ್ರಿಯ ವೈದ್ಯ ಅಂತಲೇ ಕೊಲೊಸ್ಸೆಯವರ ಪತ್ರದಲ್ಲಿ ಇದೆ. ಸ್ವತಃ ಪೌಲನ ಮೈಯಲ್ಲೇ ಒಂದು ಮುಳ್ಳಿತ್ತು. ತೆಗೆದುಹಾಕು ಅಂತ ಮೂರು ಸಲ ಬೇಡಿದ. ಸಿಕ್ಕ ಉತ್ತರ ನಮಗೆಲ್ಲ ಬಾಯಿಪಾಠ ಆಗಿರುವ ‘ನನ್ನ ಕೃಪೆಯೇ ನಿನಗೆ ಸಾಕು’. ಮುಳ್ಳು ಹೋಗಲಿಲ್ಲ, ಕೃಪೆ ಇತ್ತು. ಈ ಮಾತನ್ನು ಗೋಡೆಗೆ ಕ್ಯಾಲೆಂಡರಿನಲ್ಲಿ ತೂಗುಹಾಕುವ ನಾವು ಅದು ಯಾರಿಗೆ, ಯಾವಾಗ ಸಿಕ್ಕ ಉತ್ತರ ಅನ್ನೋದನ್ನು ಮರೆಯುತ್ತೇವೆ.

ಇನ್ನೊಂದು ವಿಷಯ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೇವದೂತರು ಹಿಡಿಯುತ್ತಾರೆ ಅಂತ ಯೇಸುವಿಗೆ ಹೇಳಿದ್ದು ಯಾರು? ಸೈತಾನ. ವಚನ ಹೇಳಿಕೊಂಡೇ ಹೇಳಿದ. ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷೆ ಮಾಡಬಾರದು ಅಂದ. ಇನ್ಸುಲಿನ್ ಬಿಟ್ಟು ಈಗ ನೋಡ್ಕೋ ಸ್ವಾಮಿ ಅನ್ನೋದು ಆ ಧುಮುಕೋದೇ.

ಇನ್ಸುಲಿನ್ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಅದನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲು ಕೊಟ್ಟರು. ಅದಕ್ಕೆ ಮುಂಚೆ ಶುಗರ್ ಬಂದ ಮಕ್ಕಳು ಎಲುಬುಗೂಡಾಗಿ ಸಾಯುತ್ತಿದ್ದರು, ಹೆತ್ತವರು ಪಕ್ಕದಲ್ಲಿ ಕೂತು ನೋಡಬೇಕಿತ್ತು. ಕಂಡುಹಿಡಿದವರು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಕೊಟ್ಟುಬಿಟ್ಟರು. ಬೆಲೆ ಕೊಡೋಕೆ ಆಗದೆ ಯಾರಿಗೂ ಅದು ತಪ್ಪದಿರಲಿ, ಎಲ್ಲರಿಗೂ ಸಿಗಲಿ ಅಂತ. ಅಮ್ಮನ ಫ್ರಿಜ್ಜಿನ ಬಾಗಿಲಲ್ಲಿ ಇರುವ ಆ ಸಣ್ಣ ಬಾಟಲಿ ಬಂದಿರೋದು ಆ ದಾರಿಯಿಂದ. ಅದರಲ್ಲಿ ದೇವರ ಕೃಪೆ ಕಾಣದಿದ್ದರೆ ಇನ್ನೆಲ್ಲಿ ಕಾಣೋದು? ಎರಡು ದೋಣಿ ಅಲ್ಲ ಅಮ್ಮಾ, ಒಂದೇ ದೋಣಿ. ಸೂಜಿ ಚುಚ್ಚಿಕೊಳ್ಳುವ ಮೊದಲು ಸ್ತೋತ್ರ ಹೇಳಿ ಚುಚ್ಚಿಕೊಳ್ಳಲಿ.

ಸಂಡೇ ಸ್ಕೂಲ್ ಮಕ್ಕಳಿಗೆ ದ್ರಾಕ್ಷೇತೋಟದ ಕೂಲಿಗಳ ಸಾಮ್ಯ ಹೇಳಿದೆ. ಬೆಳಿಗ್ಗೆಯಿಂದ ದುಡಿದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ ಕೊಟ್ಟ ಯಜಮಾನನ ಕಥೆ. ಮಕ್ಕಳೆಲ್ಲ ‘ಅನ್ಯಾಯ ಟೀಚರ್’ ಅಂದರು. ನನಗೂ ಉತ್ತರ ಹೊಳೆಯಲಿಲ್ಲ.
– ಶಿಕ್ಷಕಿ, ಹುಬ್ಬಳ್ಳಿ

ಮಕ್ಕಳು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಆ ಕಥೆ ಚುಚ್ಚಲೇಬೇಕು. ಚುಚ್ಚದಿದ್ದರೆ ನಾವು ಹೇಳಿದ್ದು ಸರಿ ಇಲ್ಲ ಅಂತ.

ನಾನು ಮಾಡಿದ್ದು ಹೇಳುತ್ತೇನೆ, ನಿಮಗೆ ಬೇಕಾದರೆ ಮಾಡಿನೋಡಿ. ಒಂದು ಭಾನುವಾರ ಎಂಟು ಗಂಟೆಗೇ ಬಂದ ಮಕ್ಕಳಿಂದ ಕುರ್ಚಿ ಹಾಕಿಸಿ, ಚಾಪೆ ಹಾಸಿಸಿ, ಕಸ ಗುಡಿಸಿಸಿದೆ. ಕೊನೆಗೆ ಎಲ್ಲರಿಗೂ ಎರಡೆರಡು ಕಡಲೆಮಿಠಾಯಿ ಅಂತ ಮೊದಲೇ ಹೇಳಿದ್ದೆ. ಒಬ್ಬ ಹುಡುಗ ಬಂದಿದ್ದು ಕೊನೆಯ ಪ್ರಾರ್ಥನೆಗೆ. ಅವನ ಓಣಿಗೆ ನೀರಿನ ಟ್ಯಾಂಕರ್ ತಡವಾಗಿ ಬಂದಿತ್ತು. ಮನೆಯಲ್ಲಿ ಅಮ್ಮನಿಗೆ ಆರಾಮಿಲ್ಲ, ಹತ್ತಾರು ಕೊಡ ಅವನೇ ಹೊತ್ತು ಹಾಕಿ ಬಂದಿದ್ದ. ಅಂಗಿಯ ಒಂದು ಭುಜ ಒದ್ದೆ. ಮಿಠಾಯಿ ಹಂಚುತ್ತಾ ಅವನ ಹತ್ತಿರ ಬಂದೆ. ಅವನು ಕೈ ಚಾಚಲೇ ಇಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡುತ್ತಾ, ‘ನಾನೇನೂ ಮಾಡಿಲ್ಲ ಟೀಚರ್’ ಅಂದ. ನಾನು ಅವನ ಜೇಬಿಗೇ ಹಾಕಿದೆ. ಎರಡು. ಉಳಿದ ಮಕ್ಕಳು ಗಲಾಟೆ ಮಾಡಿದರು, ನಿಮ್ಮ ಮಕ್ಕಳು ಮಾಡಿದ ಹಾಗೆಯೇ. ನಾನು ಕೇಳಿದೆ: ನಿಮಗೆ ಹೇಳಿದ್ದಕ್ಕಿಂತ ಕಡಿಮೆ ಕೊಟ್ಟೆನಾ? ಇಲ್ಲ. ನಿಮ್ಮ ಮಿಠಾಯಿ ಕಿತ್ತು ಅವನಿಗೆ ಕೊಟ್ಟೆನಾ? ಇಲ್ಲ. ಮತ್ತೆ ಯಾಕೆ ಉರಿ? ಒಂದು ಹುಡುಗಿ ಮಾತ್ರ ಆಮೇಲೆ ನಿಧಾನಕ್ಕೆ, ‘ಅವನು ಟ್ಯಾಂಕರ್ ಹತ್ರ ಕೆಲಸ ಮಾಡಿದ್ದು ನಮಗೆ ಗೊತ್ತಿರಲಿಲ್ಲ ಟೀಚರ್’ ಅಂದಳು. ಕೆಲಸ ಮಾಡದೆ ಬಂದಿದ್ದರೂ ಕೊಡುತ್ತಿದ್ದೆ ಅಂತ ಅವಳಿಗೆ ಹೇಳಿದೆ. ಅದು ಅವಳಿಗೆ ಅರ್ಥವಾಗೋಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಕಥೆಯಲ್ಲಿ ನಾವು ಬೇಗ ದಾಟಿಬಿಡುವ ಒಂದು ಮಾತಿದೆ. ಸಂಜೆ ಐದಕ್ಕೆ ಯಜಮಾನ, ದಿನವೆಲ್ಲ ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಕೇಳುತ್ತಾನೆ. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅಂತಾರೆ ಅವರು. ಅವರು ಸೋಮಾರಿಗಳಲ್ಲ. ನಮ್ಮೂರ ಬಸ್ ನಿಲ್ದಾಣದ ಸರ್ಕಲ್ಲಿನಲ್ಲಿ ಬೆಳಿಗ್ಗೆ ಏಳಕ್ಕೆ ಕರಣೆ, ಬುಟ್ಟಿ, ಬುತ್ತಿಡಬ್ಬಿ ಹಿಡಿದು ನಿಲ್ಲುವವರನ್ನು ನಾನು ದಿನಾ ನೋಡುತ್ತೇನೆ. ಗಟ್ಟಿ ಇರುವ ಹುಡುಗರು ಎಂಟರೊಳಗೆ ಹೋಗಿಬಿಡುತ್ತಾರೆ. ಹತ್ತಕ್ಕೆ ಉಳಿಯುವವರು ವಯಸ್ಸಾದವರು, ಕುಂಟುವವರು, ಮಗು ಎತ್ತಿಕೊಂಡ ಹೆಂಗಸರು. ಒಬ್ಬ ಅಜ್ಜಿ ಹನ್ನೊಂದಕ್ಕೆ ಅಲ್ಲೇ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿ ಉಂಡು, ಮುಚ್ಚಳ ಒರೆಸಿ, ಮನೆಗೆ ಎದ್ದು ಹೋಗುತ್ತಾಳೆ. ಅವಳ ದಿನ ಅಲ್ಲಿಗೆ ಮುಗಿಯಿತು. ಯೇಸುವಿನ ಕಾಲದಲ್ಲಿ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಒಂದು ಮನೆಯ ಆ ದಿನದ ಊಟ. ಬಡ ಕೂಲಿಯವನ ದುಡ್ಡನ್ನು ಸೂರ್ಯ ಮುಳುಗೋ ಮೊದಲು ಕೊಡಬೇಕು ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ, ಯಾಕೆಂದರೆ ಅವನ ಮನೆಯ ಒಲೆ ಆ ದುಡ್ಡಿನಿಂದಲೇ ಹತ್ತಬೇಕು. ಒಂದು ಗಂಟೆಯ ಲೆಕ್ಕ ಹಾಕಿ ದಿನಾರಿಯ ಹನ್ನೆರಡನೇ ಒಂದು ಪಾಲು ಕೊಟ್ಟಿದ್ದರೆ ಅದು ನ್ಯಾಯವೇ. ಆದರೆ ಆ ಮನೆಯ ಮಕ್ಕಳು ಆ ರಾತ್ರಿ ಹಸಿದು ಮಲಗುತ್ತಿದ್ದರು. ಯಜಮಾನ ಕೆಲಸದ ಗಂಟೆ ನೋಡಲಿಲ್ಲ, ಹಸಿವು ನೋಡಿದ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ‘ಕೃಪೆ’ ಅನ್ನೋ ಪದ ಅವರೇ ಕೇಳುತ್ತಾರೆ.

ನನಗೆ 71 ವರ್ಷ. 1988ರಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡ ಮೇಲೆ, ಖಾತೆ ಬದಲಾವಣೆಗೆ ಬೇಕು ಅಂತ ಸುಳ್ಳು ಹೇಳಿ ನನ್ನ ತಂಗಿಯ ರುಜು ಹಾಕಿಸಿಕೊಂಡು ಅವಳ ಪಾಲನ್ನೂ ನಾನೇ ಇಟ್ಟುಕೊಂಡೆ. ಅವಳು ಕಷ್ಟದಲ್ಲೇ ಇದ್ದಾಳೆ. ದೇವರ ಹತ್ತಿರ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ, ಉಪವಾಸ ಮಾಡಿದ್ದೇನೆ, ಚರ್ಚಿಗೆ ಗಂಟೆ ಮಾಡಿಸಿಕೊಟ್ಟೆ. ಸಮಾಧಾನ ಇಲ್ಲ. ನನ್ನಂಥವನಿಗೆ ಕೃಪೆ ಇದೆಯಾ?
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಅಣ್ಣಾ, ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತು ಕಹಿಯಾಗಿದೆ.

ಆ ಗಂಟೆ ನಿಮ್ಮ ತಂಗಿಯ ದುಡ್ಡಿನದು. ಅದು ಪ್ರತಿ ಭಾನುವಾರ ಹೊಡೆದಾಗ ನಿಮಗೆ ಸಮಾಧಾನ ಆಗದೆ ಇರೋದು ದೇವರು ನಿಮ್ಮನ್ನು ಕೈಬಿಟ್ಟಿದ್ದಕ್ಕಲ್ಲ, ಕೈಬಿಡದೆ ಇರೋದಕ್ಕೆ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಯೇಸು ಹೇಳಿದ್ದು ನಿಮಗೆ ಗೊತ್ತು. 71 ವರ್ಷ ಚರ್ಚಿಗೆ ಬಂದವರು ನೀವು.

ಆದರೆ ಜಕ್ಕಾಯನ ಕಥೆಯನ್ನು ಇನ್ನೊಂದು ಸಲ ಓದಿ, ಲೂಕ 19. ಸುಂಕದವನು, ಮೋಸ ಮಾಡಿ ದುಡ್ಡು ಮಾಡಿದವನು, ಮರ ಹತ್ತಿ ಕೂತಿದ್ದಾನೆ. ಯೇಸು ಕೆಳಗೆ ನಿಂತು, ಮೊದಲು ತಿಂದದ್ದನ್ನೆಲ್ಲ ವಾಪಸ್ ಕೊಟ್ಟು ಬಾ, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಅನ್ನಲಿಲ್ಲ. ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು, ಬೇಗ ಇಳಿದು ಬಾ ಅಂದ. ಒಂದು ಕಾಸೂ ವಾಪಸ್ ಹೋಗುವ ಮೊದಲೇ ಯೇಸು ಅವನ ಮನೆಗೆ ಬಂದಾಗಿತ್ತು. ಆಮೇಲೆ ಜಕ್ಕಾಯ ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಅಂದ. ಮೋಸದಿಂದ ತೆಗೆದುಕೊಂಡದ್ದನ್ನು ಒಪ್ಪಿಕೊಂಡವನು ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಅರಣ್ಯಕಾಂಡದಲ್ಲಿ ಇತ್ತು. ಅವನು ನಾಲ್ಕರಷ್ಟು ಅಂದ. ಕ್ಷಮೆ ಕೊಂಡುಕೊಳ್ಳೋಕೆ ಹೊರಟವನು ಹಾಗೆ ಮಾಡುವುದಿಲ್ಲ, ಚೌಕಾಶಿ ಮಾಡುತ್ತಾನೆ. ನೀವು ಇಷ್ಟು ವರ್ಷ ಮಾಡಿದ್ದು ಚೌಕಾಶಿ ಅಣ್ಣಾ. ಉಪವಾಸ ತಗೋ, ಗಂಟೆ ತಗೋ, ಆ ಜಮೀನಿನ ವಿಷಯ ಮಾತ್ರ ಕೇಳಬೇಡ ಅಂತ. ಕೃಪೆಯನ್ನು ನಂಬೋದು ಅಂದರೆ ನಿಮ್ಮ ಪಾಲಿಗೆ ಈಗ ಇದೇ, ಆ ಜಮೀನು ಕೈಬಿಟ್ಟರೂ ನಾನು ಮುಳುಗುವುದಿಲ್ಲ ಅಂತ ನಂಬೋದು.

ಕೆಲಸದ ಮಾತು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ, ಉಯಿಲು ಇಲ್ಲದೆ ತೀರಿಕೊಂಡವರ ಮಕ್ಕಳಿಗೆ ಬರುವ ಭಾಗದಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ, ಸಮಪಾಲು. ಹಾಗಾಗಿ ನೀವು ತಂಗಿಗೆ ಕೊಡೋದು ದಾನ ಅಲ್ಲ, ಆ ಮಾತನ್ನು ಬಾಯಿ ತಪ್ಪಿಯೂ ಆಡಬೇಡಿ. ಒಳ್ಳೆಯ ವಕೀಲರನ್ನು ಕಂಡು ಪತ್ರ ಬರೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅದಕ್ಕೂ ಮುಂಚೆ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿ. ನಾಳೆ ಅವರು ಕೋರ್ಟಿಗೆ ಹೋಗಬಾರದು, ನಿಮ್ಮ ತಂಗಿ ಇನ್ನೊಂದು ಸಲ ಮೋಸ ಹೋಗಬಾರದು. ಆಮೇಲೆ ಅವಳ ಮನೆಗೆ ಹೋಗಿ. ಅಯ್ಯನವರನ್ನು ಕರೆದುಕೊಂಡು ಹೋಗಬೇಡಿ, ಅವರ ಎದುರಿಗೆ ಅವಳು ಬೇಡ ಅನ್ನೋಕೆ ಆಗುವುದಿಲ್ಲ. ಒಬ್ಬರೇ ಹೋಗಿ. ಅವಳು ಬೈಯಬಹುದು, ಬಾಗಿಲು ಹಾಕಬಹುದು. ಕ್ಷಮಿಸು ಅಂತ ಒತ್ತಾಯ ಮಾಡಬೇಡಿ. ಪತ್ರವನ್ನು ಕೊಟ್ಟು ಬನ್ನಿ. ಅವಳು ಮಾತಾಡೋಕೆ ಎಷ್ಟು ದಿನ ಬೇಕೋ ಅಷ್ಟು ದಿನ ತಗೊಳ್ಳಲಿ, ನೀವು 1988ರಿಂದ ತಗೊಂಡಿದ್ದೀರಿ.

ಅಕ್ಕಾ, ನಾನು ಕುವೈತಿನಲ್ಲಿ ಒಬ್ಬ ವಯಸ್ಸಾದ ಅಮ್ಮನನ್ನು ನೋಡಿಕೊಳ್ಳೋ ಕೆಲಸದಲ್ಲಿದ್ದೇನೆ. ಊರು ಉಡುಪಿ ಹತ್ತಿರ. ಇಲ್ಲಿ ಆರಾಧನೆ ಶುಕ್ರವಾರ, ನನಗೆ ತಿಂಗಳಿಗೆ ಒಂದೇ ಶುಕ್ರವಾರ ರಜೆ. ರಾತ್ರಿ ಮೊಣಕಾಲೂರಿದರೆ ಅಲ್ಲೇ ನಿದ್ದೆ ಬಂದುಬಿಡುತ್ತದೆ. ಸರಿಯಾಗಿ ಪ್ರಾರ್ಥನೆ ಮಾಡಿ ಏಳು ತಿಂಗಳಾಯಿತು. ದೇವರಿಗೆ ನನ್ನ ಮೇಲೆ ಬೇಜಾರಾಗಿರುತ್ತದೆ ಅಲ್ವಾ?
– ಓದುಗರು, ಕುವೈತ್

ಮಗಾ, ಹಾಸಿಗೆ ಹಿಡಿದವರನ್ನು ಎತ್ತಿ ಮಲಗಿಸಿ ಮಾಡುವ ಕೆಲಸ ಎಂಥದ್ದು ಅಂತ ನನ್ನ ಸೊಂಟಕ್ಕೆ ಇವತ್ತಿಗೂ ಗೊತ್ತು.

ಎಲೀಯ ಅಂಥ ದೊಡ್ಡ ಪ್ರವಾದಿ ಒಂದು ದಿನ ಅರಣ್ಯದಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಸಾಕು ದೇವರೇ, ನನ್ನ ಜೀವ ತಗೋ ಅಂದ. ಅಲ್ಲೇ ನಿದ್ದೆ ಹೋದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಒಬ್ಬ ದೂತನನ್ನು ಕಳಿಸಿದ. ದೂತ ತಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ತಿಂದ, ಕುಡಿದ, ಮತ್ತೆ ಮಲಗಿದ. ಪ್ರಾರ್ಥನೆ ಮಾಡಿದ ಅಂತ ಅಲ್ಲಿ ಬರೆದಿಲ್ಲ. ದೂತ ಎರಡನೇ ಸಲ ಬಂದ. ಆಗಲೂ ಅದೇ ಮಾತು, ಎದ್ದು ತಿನ್ನು, ದಾರಿ ದೂರ ಇದೆ. ಒಂದನೇ ಅರಸುಗಳು 19ನೇ ಅಧ್ಯಾಯ. ರಾತ್ರಿ ಪಾಳಿಯಲ್ಲಿ ಇದನ್ನು ಓದಿ ನಾನು ಅತ್ತಿದ್ದೇನೆ.

ನಿನ್ನ ಮೇಲೆ ದೇವರಿಗೆ ಬೇಜಾರಿಲ್ಲ. ಮೊಣಕಾಲೂರಬೇಡ, ಮಲಗಿಕೊಂಡೇ ಅವನ ಹೆಸರು ಕರೆದು ನಿದ್ದೆ ಹೋಗು. ಆ ಅಮ್ಮನ ಮೈ ಒರೆಸುವಾಗ ಅವರಿಗೋಸ್ಕರ ಒಂದು ಮಾತು ಬೇಡಿಕೋ, ಅವರಿಗೆ ಕನ್ನಡ ಬರದಿದ್ದರೂ ಪರವಾಗಿಲ್ಲ. ನಿನ್ನ ರಜೆಯ ಶುಕ್ರವಾರ ಆದರೆ ಆರಾಧನೆಗೆ ಹೋಗು, ನಮ್ಮವರ ಮುಖ ನೋಡಿದ ಹಾಗೂ ಆಗುತ್ತದೆ. ಏಳೋಕೆ ಆಗದಷ್ಟು ಸುಸ್ತಾಗಿದ್ದರೆ ಹೋಗಬೇಡ. ಅಲ್ಲಿ ಕುಚ್ಚಲಕ್ಕಿ ಸಿಕ್ಕಿದರೆ ಒಂದು ಹಿಡಿ ಹಾಕಿ ಗಂಜಿ ಮಾಡಿಕೋ, ಉಪ್ಪಿನಕಾಯಿ ನೆಂಚಿಕೊಂಡು ಬಿಸಿಬಿಸಿ ಉಣ್ಣು, ಮತ್ತೆ ಮಲಗು. ಎದ್ದ ಮೇಲೆ ನನಗೆ ಬರಿ.